ಪಾಠ ಬಲ್ಲವರಿಗೆ ಲೆಕ್ಕದ ಪರೀಕ್ಷೆ

ಕೇರಳದಲ್ಲಿ ಶಿಕ್ಷಕರು ಹೆಡ್‌ಮಾಸ್ಟರಾಗುವ ದಾರಿಯನ್ನು 1959ರ ಕೇರಳ ಶಿಕ್ಷಣ ನಿಯಮಾವಳಿ ಹಾಕಿಕೊಟ್ಟಿದೆ. ಅನುದಾನಿತ ಹೈಸ್ಕೂಲಿನಲ್ಲಿ ಆ ಕುರ್ಚಿಗೆ ಸೀನಿಯಾರಿಟಿ ಬೇಕು, ಪದವೀಧರ ಶಿಕ್ಷಕರಾಗಿ 12 ವರ್ಷಗಳ ಸೇವೆ ಬೇಕು, ಶಿಕ್ಷಣ ನಿಯಮಗಳ ಪರೀಕ್ಷೆಯ ಜೊತೆಗೆ ಲೆಕ್ಕಪತ್ರದ ಲೋವರ್ ಅಕೌಂಟ್ ಟೆಸ್ಟೂ ಪಾಸಾಗಿರಬೇಕು. ವಯಸ್ಸು 50 ತುಂಬಿದವರಿಗೆ ಪರೀಕ್ಷೆಗಳಿಂದ ವಿನಾಯಿತಿ. ಸಹೋದ್ಯೋಗಿಯ ತರಗತಿಯಲ್ಲಿ ಕುಳಿತು ಪಾಠದ ಓರೆಕೋರೆ ತಿದ್ದಬಲ್ಲರೇ, ಓದಲು ತಡವರಿಸುವ ಮಕ್ಕಳಿಗಾಗಿ ಟೈಂಟೇಬಲ್ಲನ್ನೇ ಬದಲಿಸಬಲ್ಲರೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ತಿರುವನಂತಪುರದಲ್ಲಿ ಶಾಲಾಡಳಿತದ ತರಬೇತಿಗೆಂದೇ ಸೀಮ್ಯಾಟ್ ಎಂಬ ಸಂಸ್ಥೆಯಿದೆ. ಆದರೆ ಬಡ್ತಿಯ ಅರ್ಹತೆಗೂ ಅದಕ್ಕೂ ನಂಟಿಲ್ಲ. ಬೋಧನೆಯಲ್ಲಿ ಪಳಗಿದವರನ್ನು ಆರಿಸಿ, ಆ ಪಳಗಿಕೆಯನ್ನೇ ಬದಿಗಿಡುವ ಪದ್ಧತಿ ಇದು.

ತಪ್ಪೆಲ್ಲ ಸೀನಿಯಾರಿಟಿಯದೇ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಖಾಸಗಿ ಮ್ಯಾನೇಜ್‌ಮೆಂಟುಗಳೇ ಶಾಲೆ ನಡೆಸಿ ಸರಕಾರ ಸಂಬಳ ಕೊಡುವ ರಾಜ್ಯದಲ್ಲಿ ಸೇವಾವಧಿಯ ಪಟ್ಟಿ ಶಿಕ್ಷಕರಿಗಿರುವ ರಕ್ಷಣೆ. ಅಲ್ಪಸಂಖ್ಯಾತ ಸಂಸ್ಥೆಗಳು ಆ ಪಟ್ಟಿ ಮೀರಿ ತಮಗೆ ಬೇಕಾದ ಅರ್ಹರನ್ನು ಆರಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟು 1998ರಲ್ಲೇ ಹೇಳಿದೆ; ಆದರೆ ಆರಿಸುವ ಸ್ವಾತಂತ್ರ್ಯ ಸಿಕ್ಕ ಮಾತ್ರಕ್ಕೆ ಒಳ್ಳೆಯ ಆಯ್ಕೆಯಾಗುತ್ತದೆ ಎನ್ನಲು ಆಧಾರವೇನು? ನಿಯಮ ತಿಳಿಯದ ಹೆಡ್‌ಮಾಸ್ಟರಿಂದ ಸಹೋದ್ಯೋಗಿಯ ಇನ್‌ಕ್ರಿಮೆಂಟೂ ಪಿಂಚಣಿಯೂ ಅಡಕತ್ತರಿಗೆ ಸಿಕ್ಕಬಹುದು ಎಂಬ ಮಾತೂ ಸರಿಯೇ. ಲೆಕ್ಕದ ಪರೀಕ್ಷೆ ಇರಲಿ. ಅದೊಂದೇ ಸಾಕು ಎಂಬುದಕ್ಕೆ ನನ್ನ ತಕರಾರು.

ಲೆಕ್ಕಪತ್ರವನ್ನೇ ಮುಂದಿಡುವ ಈ ಪದ್ಧತಿಯ ಫಲ ಕಾಣಬೇಕಾದರೆ ಪ್ರೈಮರಿ ಶಾಲೆಗಳನ್ನು ನೋಡಬೇಕು. ಅಲ್ಲಿ ಗುಮಾಸ್ತರ ಹುದ್ದೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರು. ಅದಕ್ಕಿಂತ ಚಿಕ್ಕ ಶಾಲೆಯಲ್ಲಿ ಒಬ್ಬರೇ ಪಾಠವನ್ನೂ ಮಾಡಬೇಕು, ಕಡತವನ್ನೂ ನೋಡಬೇಕು. ಮಧ್ಯಾಹ್ನದೂಟದ ಹಣ ಮಗುವೊಂದಕ್ಕೆ ದಿನಕ್ಕೆ ಮೊದಲ 150 ಮಕ್ಕಳವರೆಗೆ 8 ರೂಪಾಯಿ, ಆಮೇಲೆ 7, 500 ದಾಟಿದರೆ 6 ಎಂದು 2016ರಲ್ಲಿ ನಿಂತದ್ದು, ಏಳು ವರ್ಷವಾದರೂ ಕದಲಲಿಲ್ಲ. ಅದೂ ಸಮಯಕ್ಕೆ ಬಾರದೆ ಹೆಡ್‌ಮಾಸ್ಟರುಗಳು ಅಂಗಡಿಯವರ ಸಾಲಗಾರರಾದರು. 2023ರಲ್ಲಿ ಶಿಕ್ಷಕರ ಸಂಘಟನೆ ಕೊಚ್ಚಿಯ ಹೈಕೋರ್ಟಿನ ಮೆಟ್ಟಿಲೇರಿತು. ತರಕಾರಿ, ಮೊಟ್ಟೆಯ ಬಾಕಿಗೆ ನ್ಯಾಯಾಲಯದಲ್ಲಿ ನಿಲ್ಲಬೇಕಾದವರಿಂದ ಯಾವ ಬೋಧನಾ ನಾಯಕತ್ವ ನಿರೀಕ್ಷಿಸೋಣ?

ಸುಧಾರಣೆಯ ಹೆಸರಿನಲ್ಲಿ ಬಂದ ಖಾದರ್ ಸಮಿತಿಯ 2019ರ ವರದಿ ಹೈಸ್ಕೂಲನ್ನೂ ಹೈಯರ್ ಸೆಕೆಂಡರಿಯನ್ನೂ ಒಂದೇ ಆಡಳಿತಕ್ಕೆ ತಂದಿತು. ಪ್ರಿನ್ಸಿಪಾಲರು ಸಂಸ್ಥೆಯ ಮುಖ್ಯಸ್ಥರಾದರು, ಹೆಡ್‌ಮಾಸ್ಟರು ವೈಸ್ ಪ್ರಿನ್ಸಿಪಾಲ್ ಎನಿಸಿಕೊಂಡರು. ಕುರ್ಚಿಗಳ ಮೇಲುಕೀಳಿನ ಬಗ್ಗೆ ಎದ್ದ ಗದ್ದಲ ಆ ಕುರ್ಚಿಯ ಕೆಲಸವೇನು ಎಂಬ ಬಗ್ಗೆ ಏಳಲಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಂತೂ ಇನ್ನೊಂದು ಹೊರೆಯಿದೆ: ತಿರುವನಂತಪುರದಿಂದ ಮಲಯಾಳದಲ್ಲಿ ಬರುವ ಸುತ್ತೋಲೆಯನ್ನು ಅರ್ಥೈಸಿ ಹೇಳುವ ಕೆಲಸ. ಸೆಕ್ರೆಟರಿಯೇಟಿನೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು 1969ರ ಭಾಷಾ ಕಾಯ್ದೆ ಕೊಟ್ಟಿದ್ದರೂ ಈ ಹೊರೆ ತಪ್ಪಿಲ್ಲ. ಒಬ್ಬ ಗುಮಾಸ್ತ, ವಾರದಲ್ಲಿ ತರಗತಿ ವೀಕ್ಷಣೆಗೆ ಮೀಸಲಾದ ಕೆಲವು ಪೀರಿಯಡ್, ಬಡ್ತಿಗೆ ಮೊದಲೇ ಕಡ್ಡಾಯ ತರಬೇತಿ: ಇವಕ್ಕೆ ಬಜೆಟ್ಟಿನಲ್ಲಿ ಜಾಗ ಮಾಡದೆ ಹುದ್ದೆಯ ಹೆಸರನ್ನಷ್ಟೇ ಬದಲಿಸುವುದನ್ನು ಸುಧಾರಣೆ ಎಂದು ಒಪ್ಪಲಾಗದು.