'ತಾನೇ' ಎಂಬ ಮಾತಿನ ವಿಚಾರ

ಯಾವ ವಸ್ತುವಿನ ಕೀರ್ತಿಯು ಆ ವಸ್ತುವಿಗಿಂತ ಮುಂಚಿತವಾಗಿ ಮನೆಯನ್ನು ಪ್ರವೇಶಿಸುತ್ತದೆಯೋ ಅದರ ಗುಣದೋಷಗಳನ್ನು ಸಮಚಿತ್ತದಿಂದ ನೋಡುವುದು ಗೃಹಸ್ಥನಿಗೆ ಸುಲಭವಲ್ಲ. ಬೆಂಗಳೂರಿನಲ್ಲಿರುವ ನನ್ನ ಮಗ ಕಳೆದ ದೀಪಾವಳಿಗೆ ಕರ್ಜಗಿಯ ನಮ್ಮ ಮನೆಗೆ ರೋಬೋಟ್ ವ್ಯಾಕ್ಯೂಮ್ ಕ್ಲೀನರೊಂದನ್ನು ತರುವ ಮೊದಲೇ ಅದರ ಸ್ತುತಿಪಾಠವನ್ನು ಫೋನಿನಲ್ಲಿ ಒಪ್ಪಿಸಿಯಾಗಿತ್ತು: ತಾನೇ ಏಳುತ್ತದೆ, ತಾನೇ ಗುಡಿಸುತ್ತದೆ, ತಾನೇ ಗೂಡಿಗೆ ಮರಳುತ್ತದೆ. ಈ 'ತಾನೇ' ಎಂಬ ಮಾತೇ ಅದರ ಕೀರ್ತಿಯ ಮೂಲಧನ. ಎಂಟು ತಿಂಗಳ ಸಹವಾಸದ ಬಳಿಕ ನನ್ನ ಆಕ್ಷೇಪವೂ ಆ ಒಂದು ಮಾತಿನ ಮೇಲೆಯೇ.

ವಂಶಾವಳಿಯನ್ನು ಓದುಗರು ಬಲ್ಲರು: 2001ರಲ್ಲಿ ಸ್ವೀಡನ್ನಿನ ಟ್ರೈಲೊಬೈಟ್, ಮರುವರ್ಷ ಅಮೆರಿಕದ ರೂಂಬಾ, ಅನಂತರ ಲೇಸರಿನಿಂದ ಮನೆಯ ನಕ್ಷೆ ಬರೆದುಕೊಳ್ಳುವ ಹೊಸ ಪೀಳಿಗೆ. ರೂಂಬಾವನ್ನು ಹೆತ್ತ ಐರೋಬಾಟ್ ಸಂಸ್ಥೆ 2025ರ ಡಿಸೆಂಬರಿನಲ್ಲಿ ದಿವಾಳಿಯ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅದರ ಯಂತ್ರಕ್ಕೆ ಎಂದೂ ಸಾಧ್ಯವಾಗದ ಕಾರ್ಯ ಅದೊಂದೇ. ಗುಣವನ್ನೂ ಹೇಳಿಬಿಡೋಣ. ಮಂಚದ ಕೆಳಗೆ, ಮಂಡಿ ನೋವಿನವರು ಬಗ್ಗಿ ನೋಡಲಾರದ ಕತ್ತಲೆಯಲ್ಲಿ, ಇದು ನಿರಾಯಾಸವಾಗಿ ಹರಿದಾಡಿ ಕೂದಲನ್ನೂ ಧೂಳನ್ನೂ ಹೊತ್ತು ತರುತ್ತದೆ. ಇಷ್ಟು ನಿಜ.

ಇನ್ನು ಹೊಸ್ತಿಲ ಪ್ರಕರಣ. ನಮ್ಮದು ಪಡಸಾಲೆ, ನಡುಮನೆ, ಅಡಿಗೆಮನೆ ಎಂದು ಒಂದರೊಳಗೊಂದು ತೆರೆಯುವ ಹಳೆಯ ಮನೆ. ಒಳಗಿನ ಒಂದೊಂದು ಬಾಗಿಲಿಗೂ ನಾಲ್ಕು ಬೆರಳೆತ್ತರದ ಕಟ್ಟಿಗೆಯ ಹೊಸ್ತಿಲು, ಅದರ ಮೇಲೆ ಅರಿಸಿನ ಕುಂಕುಮ. ಇಂಥ ಯಂತ್ರಗಳು ಸಾಮಾನ್ಯವಾಗಿ ಏರಬಲ್ಲುದು ಎರಡು ಸೆಂಟಿಮೀಟರಿನ ಆಸುಪಾಸು, ಎಂದರೆ ಒಂದು ಬೆರಳಿನ ಅಗಲ. ಹೀಗಾಗಿ ಅದರ ನಕ್ಷೆಯಲ್ಲಿ ನಮ್ಮ ಮನೆ ಪಡಸಾಲೆಗೇ ಮುಗಿಯುತ್ತದೆ. ಆ ಪಡಸಾಲೆಯಲ್ಲಾದರೂ ಅದು ನಿಶ್ಚಿಂತವೇ ಎಂದರೆ, ನೆಲದ ಅಂಚಿನುದ್ದಕ್ಕೂ ಕರಿಯ ಕಡಪಾ ಫರಸಿಯ ಪಟ್ಟಿಯೊಂದಿದೆ. ಅದರ ದಡಕ್ಕೆ ಬಂದೊಡನೆ ಯಂತ್ರ ಬೆಚ್ಚಿ ಹಿಂಜರಿಯುತ್ತದೆ. ಕಾರಣವಿಷ್ಟೆ: ಅದರ ಹೊಟ್ಟೆಯ ಕೆಳಗಿನ ಸಂವೇದಕಗಳು ಅವಗೆಂಪು ಬೆಳಕನ್ನು ನೆಲಕ್ಕೆ ಬಿಟ್ಟು ಅದು ಮರಳಿತೇ ಎಂದು ನೋಡುತ್ತವೆ, ಮರಳದಿದ್ದರೆ ಮುಂದೆ ಪ್ರಪಾತವೆಂದು ತಿಳಿಯುತ್ತವೆ, ಕರಿಯ ಕಲ್ಲು ಬೆಳಕನ್ನು ನುಂಗಿಬಿಡುತ್ತದೆ. ಹಗ್ಗವನ್ನು ಹಾವೆಂದು ಭ್ರಮಿಸಿದವನಿಗೆ ವೇದಾಂತಿಗಳು ದೀಪ ತರಹೇಳಿದರು. ಇಲ್ಲಿ ಭ್ರಾಂತಿಗೆ ಮೂಲ ಅದು ಹಿಡಿದುಕೊಂಡಿರುವ ದೀಪವೇ. ಬಲ್ಲವರು ಸೂಚಿಸಿದ ಪರಿಹಾರವಂತೂ ಇನ್ನೂ ಸೊಗಸಿನದು: ಆ ಕಣ್ಣುಗಳ ಮೇಲೆ ಬಿಳಿಯ ಕಾಗದ ಅಂಟಿಸಿರಿ! ಅಂಟಿಸಿದೆವು. ಭಯವಳಿದ ಯಂತ್ರ ಕಡಪಾ ಪಟ್ಟಿಯನ್ನು ಧೀರವಾಗಿ ದಾಟಿ, ಅದೇ ಧೈರ್ಯದಿಂದ ಮುಂಬಾಗಿಲ ಮೆಟ್ಟಿಲ ಮೇಲಿಂದ ಅಂಗಳಕ್ಕೆ ಉರುಳಿತು.

ಅದು ನಿಲ್ಲದೆ ಓಡಬೇಕಾದರೆ ನೆಲದ ಮೇಲಿನ ವಾಯರು, ಚಾಪೆಯ ಅಂಚು, ಮೊಮ್ಮಗನ ಬುಗುರಿ ಎಲ್ಲವನ್ನೂ ಮೊದಲು ಎತ್ತಿಡಬೇಕು. ಬ್ಯಾಡಗಿ ಮೆಣಸಿನಕಾಯಿಯ ತುಂಬು ಬಿಡಿಸಿದ ದಿನ ಅದರ ಪಕ್ಕದ ಕುಂಚವು ಬೀಜಗಳನ್ನು ಮೂಲೆಮೂಲೆಗೆ ಚಿಮ್ಮಿ, ಹಿಂಬದಿಯ ಗಾಳಿಯು ಘಾಟನ್ನು ಮನೆಯಲ್ಲೆಲ್ಲ ಹಂಚಿತು. ಮೊನ್ನೆಯ ಕಾರಹುಣ್ಣಿಮೆಯಲ್ಲಿ, ಬಂದವರ ಕಾಲಿಗಂಟಿದ ಹಸಿ ಎರೆಮಣ್ಣನ್ನು ಅದು ಒದ್ದೆ ಬಟ್ಟೆಯಿಂದ ಪಡಸಾಲೆಗೆಲ್ಲ ಸಮನಾಗಿ ಬಳಿಯಿತು. ನನ್ನ ಮನೆಯಾಕೆ ನೋಡಿ ಅಂದಳು: "ಇದು ಕಸಾ ಹೊಡೀತೈತ್ರೀ, ಮನಿ ಹಸನ ಮಾಡೂದಿಲ್ಲ." ಕಸ ಹೊಡೆಯುವುದು ಬೇರೆ, ಹಸನು ಮಾಡುವುದು ಬೇರೆ. ಅಕ್ಕಿಯನ್ನೂ ನಾವು ಹಸನು ಮಾಡುತ್ತೇವೆ. ಕಲ್ಲಾವುದು ಕಾಳಾವುದು ಎಂಬ ವಿವೇಕ ಆ ಕ್ರಿಯೆಯ ಜೀವಾಳ. ಕಿವಿಯ ಬೆಂಡೋಲೆಯ ತಿರುಪನ್ನು ಕಸದೊಳಗಿಂದ ಹೆಕ್ಕುವ ಕಣ್ಣು ಕಸಬರಿಗೆಯದಲ್ಲ, ಅದನ್ನು ಹಿಡಿದವಳದು.

ಇಲ್ಲಿಯೇ ಅನ್ಯ ವಿಮರ್ಶಕರೊಡನೆ ನನ್ನ ಜಗಳ. ಒಂದು ಪಂಗಡ ಹೀರುವ ಶಕ್ತಿಯನ್ನು ಪಾಸ್ಕಲುಗಳಲ್ಲಿ ಎಣಿಸಿ, ಐದು ಸಾವಿರಕ್ಕಿಂತ ಹತ್ತು ಸಾವಿರ ಶ್ರೇಷ್ಠವೆಂದು ತೀರ್ಪು ಕೊಡುತ್ತದೆ. ಹೊಸ್ತಿಲಾಚೆಯ ಕೋಣೆಯಲ್ಲಿ ಎರಡರ ಬಲವೂ ಸೊನ್ನೆಯೆಂಬುದನ್ನು ಅಳೆದು ನೋಡಿದವರಿಲ್ಲ. ಇನ್ನೊಂದು ಪಂಗಡ ಕಸಬರಿಗೆಯ ಭಕ್ತರದು. ಬಗ್ಗಿ ಗುಡಿಸುವುದು ವ್ಯಾಯಾಮವೆನ್ನುತ್ತಾರೆ, ಅಂಗಳ ಗುಡಿಸುವುದನ್ನೇ ಕಾಯಕವಾಗಿಸಿಕೊಂಡಳೆಂದು ಪರಂಪರೆ ನೆನೆಯುವ ಶರಣೆ ಸತ್ಯಕ್ಕನನ್ನು ಸಾಕ್ಷಿಗೆ ಕರೆಯುತ್ತಾರೆ. ನಾನು ಕಂಡಂತೆ ಇವರೆಲ್ಲ ಗಂಡಸರು, ಮತ್ತು ಈ ವ್ಯಾಯಾಮದಿಂದ ತಮ್ಮನ್ನು ತಾವು ಜೀವನಪರ್ಯಂತ ವಂಚಿಸಿಕೊಂಡವರು. ಸತ್ಯಕ್ಕನದು ಆಕೆಯೇ ಕೈಗೊಂಡ ಕಾಯಕ. ನಸುಕಿನಲ್ಲಿ ಏಳುವ ಸೊಸೆಗೆ ಆಯ್ಕೆಯನ್ನು ಕೊಟ್ಟವರಾರು? ಆಯ್ಕೆಯಿಲ್ಲದ ದುಡಿಮೆಗೆ ಕಾಯಕದ ಹೆಸರಿಡುವುದು ಶರಣರಿಗೆ ಮಾಡುವ ಗೌರವವಲ್ಲ. ಮೂರನೆಯವರು ವಿಮೋಚನಾವಾದಿಗಳು: ಯಂತ್ರ ಬಂತು, ಹೆಣ್ಣು ಬಿಡುಗಡೆಯಾದಳು ಎನ್ನುವವರು. ಮನೆಯ ಯಂತ್ರಗಳು ಗಂಡಸರ ಮಕ್ಕಳ ಪಾಲಿನ ಕೆಲಸವನ್ನು ಕಳೆದು ತಾಯಿಯ ಪಾಲನ್ನು ಹಾಗೆಯೇ ಉಳಿಸಿದುವೆಂದು ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಷ್ಟು ಹಿಂದೆಯೇ ಗ್ರಂಥವನ್ನೇ ಬರೆದು ತೋರಿಸಿದರು. ನಮ್ಮ ಮನೆಯಲ್ಲಿಯೂ ಬಿಡುಗಡೆಯಾದವನು ನಾನು: ಹಬ್ಬದ ಮುನ್ನಾದಿನ ಮಂಚ ಸರಿಸುತ್ತಿದ್ದವನಿಗೆ ಈಗ ಆ ಕೆಲಸವೂ ಉಳಿದಿಲ್ಲ.

ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಹೊಸ್ತಿಲಿಲ್ಲದ, ಬಿಳಿಯ ಟೈಲ್ಸಿನ ಹಾವೇರಿ ರಾಣೆಬೆನ್ನೂರಿನ ಹೊಸ ಮನೆಗಳಲ್ಲಿ ಅದು ಇದಕ್ಕಿಂತ ಯೋಗ್ಯವಾಗಿ ಬಾಳಬಹುದು. ಕೊಳ್ಳುವವರು ಪಾಸ್ಕಲನ್ನು ಎಣಿಸುವ ಮುನ್ನ ತಮ್ಮ ಹೊಸ್ತಿಲಿಗೆ ಬೆರಳಿಟ್ಟು ಅಳೆಯಲಿ. ನಮ್ಮ ಮನೆಯಲ್ಲಂತೂ ದಿನವೂ ಬೆಳಿಗ್ಗೆ ಪಡಸಾಲೆಯನ್ನು ಮುಗಿಸಿದ ಯಂತ್ರ ನಡುಮನೆಯ ಹೊಸ್ತಿಲಿಗೆ ಹಾಯ್ದು ಹಾಯ್ದು ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಏನನ್ನೋ ದೂರುತ್ತದೆ. ಮನೆಯಾಕೆ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೊರೆಸಿಕೊಂಡು ಬಂದು, ಅದನ್ನು ಎರಡೂ ಕೈಯಲ್ಲೆತ್ತಿ ಹೊಸ್ತಿಲಾಚೆ ಇಳಿಸುತ್ತಾಳೆ. ಅದು ತಾನೇ ಹೊರಡುತ್ತದೆ.