ಜಾಂಗಲದಿಂದ ಜಂಗಲ್‌ಗೆ: ದಿಂಬಂ ಘಟ್ಟದಿಂದ ಒಂದು ಪದವಿಚಾರ

ಬಣ್ಣಾರಿಯಿಂದ 27 ಕಡಿದಾದ ತಿರುವುಗಳನ್ನು ಏರಿ ದಿಂಬಂ ತಲುಪಿದವರ ನಾಲಗೆಗೆ ‘ಜಂಗಲ್’ ಎಂಬ ಇಂಗ್ಲಿಷ್ ಪದ ತಾನಾಗಿ ಬರುತ್ತದೆ. ಹುಲಿ, ಆನೆ, ಹೊಕ್ಕಲಾಗದ ಹಸಿರು: 1894ರಲ್ಲಿ ಕಿಪ್ಲಿಂಗನ ‘ಜಂಗಲ್ ಬುಕ್’ ಪ್ರಕಟವಾದ ಮೇಲಂತೂ ಈ ಚಿತ್ರ ಬಲವಾಗಿ ಬೇರೂರಿದೆ. ಆದರೆ ಕೆಳಗಿನ ಮೋಯಾರ್ ಕಣಿವೆಯಲ್ಲಿರುವುದು ಮುಳ್ಳುಕಂಟಿ, ಕುರುಚಲು, ಕೃಷ್ಣಮೃಗ ಮೇಯುವ ಬಯಲು. ಪದದ ಮೂಲಾರ್ಥಕ್ಕೆ ಹತ್ತಿರವಾದದ್ದು ಈ ಒಣ ಕಣಿವೆಯೇ ಹೊರತು ಮೇಲಿನ ಹಸಿರು ಇಳಿಜಾರಲ್ಲ.

ಸಂಸ್ಕೃತದ ‘ಜಾಂಗಲ’ವು ಆಯುರ್ವೇದದ ದೇಶವಿಭಾಗದಲ್ಲಿ ಜೌಗುನೆಲವಾದ ‘ಆನೂಪ’ಕ್ಕೆ ಎದುರಾದದ್ದು. ನೀರು ಕಡಿಮೆ, ಗಾಳಿ ಬಿಸಿಲು ಹೆಚ್ಚು. ಕಗ್ಗಲಿ, ಬನ್ನಿ, ಬೋರೆ ಬೆಳೆಯುವ ತೆರೆದ ನೆಲ. ಅದು ಹೀನವಾದ ನೆಲವೂ ಅಲ್ಲ. ಅರಸನು ನೆಲಸಬೇಕಾದದ್ದು ಧಾನ್ಯಸಮೃದ್ಧವಾದ ಜಾಂಗಲದಲ್ಲಿ ಎನ್ನುವ ಮನುಸ್ಮೃತಿ, ಕೃಷ್ಣಮೃಗ ಸಹಜವಾಗಿ ಸಂಚರಿಸುವ ದೇಶವನ್ನು ಯಜ್ಞಕ್ಕೆ ಯೋಗ್ಯವೆಂದು ಕರೆಯುತ್ತದೆ. ಫ್ರಾನ್ಸಿಸ್ ಝಿಮ್ಮರ್‌ಮನ್ 1982ರ ತಮ್ಮ ಫ್ರೆಂಚ್ ಕೃತಿಯಲ್ಲಿ ಈ ಅರ್ಥವಿಪರ್ಯಾಸವನ್ನು ಚರ್ಚಿಸಿದ್ದಾರೆ.

ವಿಪರ್ಯಾಸದ ನಡುವಣ ಕೊಂಡಿಯೇ ಹೆಚ್ಚು ಗಮನಾರ್ಹ. ಹಾಲ್‌ಹೆಡ್ 1776ರಲ್ಲಿ ಇಂಗ್ಲಿಷಿಗೆ ತಂದ ‘ಜೆಂಟೂ’ ಕಾನೂನು ಸಂಗ್ರಹದಲ್ಲಿ, ಐದು ವರ್ಷ ಸಾಗುವಳಿಯಿಲ್ಲದೆ ಬಿದ್ದ ನೆಲಕ್ಕೆ ಜಂಗಲ್ ಎಂದು ಹೆಸರು. ಅಲ್ಲಿ ಮರವಿಲ್ಲ, ಹುಲಿಯಿಲ್ಲ. ಇರುವುದು ನೇಗಿಲ ಗೈರುಹಾಜರಿ ಮಾತ್ರ. ಪಾಳುನೆಲದಿಂದ ಅದರ ಮೇಲೆ ಬೆಳೆದ ಪೊದೆಗೆ, ಪೊದೆಯಿಂದ ದಟ್ಟಡವಿಗೆ ಪದ ಜಾರಿದ ಬಗೆಯನ್ನು 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಗುರುತಿಸಿದೆ. (ಕುರುಚಲು ಕಾಡಿಗೆ ಇಂದಿಗೂ ಬಳಕೆಯಲ್ಲಿರುವ ‘ಸ್ಕ್ರಬ್ ಜಂಗಲ್’ ಮೂಲಾರ್ಥದ ದೃಷ್ಟಿಯಿಂದ ಬರೀ ದ್ವಿರುಕ್ತಿ.)

ಕನ್ನಡದ ರೈತ ಅಂಥ ನೆಲವನ್ನು ‘ಬೀಳು’ ಎನ್ನುತ್ತಾನೆ. ಬೀಳು ಮತ್ತೆ ಉಳುಮೆಗೆ ಬರಬಹುದು. ಅದಕ್ಕೆ ಒಡೆಯನಿರುತ್ತಾನೆ, ಇಲ್ಲವೇ ದನ ಮೇಯಿಸುವ ಊರಿರುತ್ತದೆ. ತಾಣ ಬದಲಿಸುತ್ತ ಬೇಸಾಯ ಮಾಡುತ್ತಿದ್ದ ಸೋಲಿಗರ ಹಳೆಯ ಪದ್ಧತಿಯಲ್ಲಿ ಐದು ವರ್ಷ ಬಿಟ್ಟ ನೆಲ ತೊರೆದ ನೆಲವಲ್ಲ, ವಿಶ್ರಾಂತಿಯಲ್ಲಿರುವ ಹೊಲ. ಅದನ್ನು ಜಂಗಲ್ ಎಂದ ಕೂಡಲೇ ಮಾಡಿದವನ ಕೈಗುರುತು ಅಳಿಯುತ್ತದೆ.

ಕಾಡು, ಅಡವಿ, ಕುರುಚಲು, ಬೀಳು ಎಂಬ ನಾಲ್ಕಕ್ಕೂ ‘ಜಂಗಲ್’ ಒಂದನ್ನೇ ಒಡ್ಡುವ ಅನುವಾದವನ್ನು ಶೈಲಿಯ ಸಣ್ಣ ದೋಷವೆಂದು ಬಿಡಲಾಗದು. ಇಂಗ್ಲಿಷಿನಲ್ಲಿ ‘ಫಾರೆಸ್ಟ್’ ಎಂದು ತಿದ್ದಿದರೂ ತೊಡಕು ತಪ್ಪದು: ಮಧ್ಯಯುಗದ ಇಂಗ್ಲೆಂಡಿನಲ್ಲಿ ಅದು ಮರಗಳಿರಲಿ ಬಿಡಲಿ, ಅರಸನ ಬೇಟೆಗೆ ಮೀಸಲಾದ ನೆಲ. ಸತ್ಯಮಂಗಲ 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದರ ಅಂಚಿಗೇ ಮಳೆಯಾಶ್ರಿತ ಹೊಲಗಳಿರುವ ತಾಳವಾಡಿಯ ಬರಹ ಇಂಗ್ಲಿಷಿಗೆ ಹೋಗುವಾಗ ‘ಬೀಳು’ ಬೀಳಾಗಿಯೇ ಉಳಿಯಬೇಕು. ಓದುಗನಿಗೆ ತಿಳಿಯದಿದ್ದರೆ ಅಡಿಟಿಪ್ಪಣಿಗೆ ಜಾಗವಿದೆ.