ಹೆಸರು ಅಳಿಸದೆ ಕೊಟ್ಟ ದತ್ತಾಂಶ

ಕೊರೊನಾ ಬಂದ ಹೊಸದರಲ್ಲಿ ಕೇರಳದ ಆಶಾ ಕಾರ್ಯಕರ್ತೆಯರು ಕ್ವಾರಂಟೈನಿನಲ್ಲಿದ್ದವರ ವಿವರಗಳನ್ನು ಮೊಬೈಲಿನಲ್ಲಿ ತುಂಬುತ್ತಿದ್ದರು: ಹೆಸರು, ವಿಳಾಸ, ಫೋನ್ ನಂಬರು, ಜ್ವರವಿದೆಯೇ, ಬೇರೆ ಕಾಯಿಲೆ ಏನಾದರೂ ಇದೆಯೇ. ಕೆಲಸ ಸರ್ಕಾರದ್ದು, ಮಾಡಿಸುತ್ತಿದ್ದದ್ದೂ ಸರ್ಕಾರವೇ. ಆದರೆ ಆ ಫಾರ್ಮು ತೆರೆದುಕೊಳ್ಳುತ್ತಿದ್ದ ಜಾಲವಿಳಾಸ ಮಾತ್ರ ಸ್ಪ್ರಿಂಕ್ಲರ್ ಎಂಬ ನ್ಯೂಯಾರ್ಕ್ ಕಂಪನಿಯದು. ವಿರೋಧ ಪಕ್ಷದ ನಾಯಕ ರಮೇಶ್ ಚೆನ್ನಿತ್ತಲ 2020ರ ಏಪ್ರಿಲ್‌ನಲ್ಲಿ ಇದನ್ನು ಎತ್ತಿ ಆಡಿದ ಮೇಲೆ ಅದು ಕೇರಳ ಸರ್ಕಾರದ ವಿಳಾಸಕ್ಕೆ ಬದಲಾಯಿತು.

ಸ್ಪ್ರಿಂಕ್ಲರನ್ನು 2009ರಲ್ಲಿ ಕಟ್ಟಿದವರು ಮಲಯಾಳಿ ರಾಗಿ ಥಾಮಸ್. ದೊಡ್ಡ ಬ್ರ್ಯಾಂಡುಗಳ ಬಗ್ಗೆ ಗಿರಾಕಿಗಳು ಸೋಷಿಯಲ್ ಮೀಡಿಯಾದಲ್ಲಿ ಏನೆನ್ನುತ್ತಾರೆಂದು ಸೋಸಿ ಕೊಡುವುದು ಅದರ ಮೂಲ ಕಸುಬು. ಸೋಂಕಿನ ಲೆಕ್ಕಕ್ಕೆ ಇದೇ ಯಂತ್ರವನ್ನು ಸೆಪ್ಟೆಂಬರ್‌ವರೆಗೆ ಪುಕ್ಕಟೆ ಕೊಡುವುದಾಗಿ ಕಂಪನಿ ಹೇಳಿತು, ಸರ್ಕಾರ ಒಪ್ಪಿತು. ಮಾಹಿತಿ ಇದ್ದದ್ದು ಅಮೆಜಾನಿನ ಮುಂಬಯಿ ಸರ್ವರುಗಳಲ್ಲಿ.

ಹಾಗಾಗಿ ‘ಮಲಯಾಳಿಗಳ ಆರೋಗ್ಯ ಅಮೆರಿಕಕ್ಕೆ ಮಾರಾಟ’ ಎಂಬ ಕೂಗಿನಲ್ಲಿ ನನಗೆ ಹೆಚ್ಚು ಹುರುಳು ಕಾಣುವುದಿಲ್ಲ. ಕ್ಲೌಡ್ ಆರಿಸಿದ್ದೂ ತಪ್ಪಲ್ಲ. ಸ್ವಂತ ಸರ್ವರು ಕೊಳ್ಳಬೇಕೆಂದರೆ ಟೆಂಡರು, ಸರಬರಾಜು, ಜೋಡಣೆ ಎಂದು ತಿಂಗಳುಗಳೇ ಹಿಡಿಯುತ್ತವೆ. ಅತ್ತ ಕೊಲ್ಲಿಯಿಂದ ಲಕ್ಷಾಂತರ ಜನ ಊರಿಗೆ ಮರಳುವ ಸೂಚನೆಯಿತ್ತು. ಕ್ಲೌಡಿನಲ್ಲಾದರೆ ಜಾಗ ಇಂದು ಹಿಗ್ಗುತ್ತದೆ, ಬೇಡವಾದ ದಿನ ಕುಗ್ಗುತ್ತದೆ.

ಎಡವಿದ್ದು ಕಡತದಲ್ಲಿ. ಕಾನೂನು ಇಲಾಖೆಯನ್ನು ಕೇಳಲಿಲ್ಲ. ನಿರ್ಧಾರ ತನ್ನದೇ ಎಂದು ಐಟಿ ಕಾರ್ಯದರ್ಶಿ ಎಂ. ಶಿವಶಂಕರ್ ಟಿವಿ ವಾಹಿನಿಗಳಲ್ಲಿ ಹೇಳಿಕೊಂಡರು. ವ್ಯಾಜ್ಯ ಬಂದರೆ ನ್ಯೂಯಾರ್ಕಿನ ಕೋರ್ಟಿಗೆ ಹೋಗಬೇಕೆಂಬ ಷರತ್ತಿತ್ತು. ರೋಗಿಗೆ ತನ್ನ ಮಾಹಿತಿ ಯಾರ ಕೈಗೆ ಹೋಗುತ್ತಿದೆಯೆಂದು ಹೇಳಿದವರಿಲ್ಲ. ಶಾಲೆಯ ಕಂಪ್ಯೂಟರುಗಳನ್ನೆಲ್ಲ ಗ್ನೂ/ಲಿನಕ್ಸ್‌ಗೆ ತಿರುಗಿಸಿ, ಸ್ವತಂತ್ರ ತಂತ್ರಾಂಶವನ್ನು ನೀತಿಯೆಂದೇ ಸಾರಿದ ರಾಜ್ಯ ಇದು! ತಿರುವನಂತಪುರದಲ್ಲಿ ಟೆಕ್ನೋಪಾರ್ಕ್, ಕೊಚ್ಚಿಯ ಕಾಕ್ಕನಾಡಿನಲ್ಲಿ ಇನ್ಫೋಪಾರ್ಕ್ ಇದ್ದೂ ‘ನಮ್ಮಲ್ಲಿ ಆಗದು’ ಎಂದರೆ ನಂಬುವುದು ಕಷ್ಟ. ತನ್ನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯೇ ಈ ಕೆಲಸ ಮಾಡಬಲ್ಲದೆಂದು ಒಪ್ಪಂದದ ವಿರುದ್ಧದ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರವೂ ಹೈಕೋರ್ಟಿಗೆ ತಿಳಿಸಿತು.

ಕೇರಳ ಹೈಕೋರ್ಟು 2020ರ ಏಪ್ರಿಲ್ 24ರಂದು ಕೊಟ್ಟ ಮಧ್ಯಂತರ ಆದೇಶ ನನಗೆ ಮೆಚ್ಚುಗೆಯಾಗುವುದು ಅದರ ಹದಕ್ಕಾಗಿ. ಒಪ್ಪಂದವನ್ನು ಅದು ನಿಲ್ಲಿಸಲಿಲ್ಲ. ಗುರುತು ಅಳಿಸಿದ ಮಾಹಿತಿಯನ್ನಷ್ಟೇ ಕಂಪನಿಗೆ ಕೊಡಿ, ಮೂರನೆಯವರು ನೋಡುತ್ತಾರೆಂದು ಹೇಳಿ ಜನರ ಒಪ್ಪಿಗೆ ಪಡೆಯಿರಿ ಎಂದಿತು. ತಾಂತ್ರಿಕವಾಗಿ ಇದು ದೊಡ್ಡ ಕೆಲಸವೇ ಅಲ್ಲ: ಹೆಸರಿನ ಜಾಗಕ್ಕೆ ಒಂದು ಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಸರ್ಕಾರವೇ ಇಟ್ಟುಕೊಂಡರೆ ಮುಕ್ಕಾಲು ಪಾಲು ಮುಗಿಯಿತು. ಅದನ್ನು ಕೇರಳಕ್ಕೆ ಯಾರೂ ಕಲಿಸಬೇಕಿರಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಪತ್ತನಂತಿಟ್ಟ ಜಿಲ್ಲಾಡಳಿತ ಸೋಂಕಿತರು ಓಡಾಡಿದ ಜಾಗಗಳ ನಕ್ಷೆಯನ್ನು ಹೆಸರು ಹೇಳದೆಯೇ ಪ್ರಕಟಿಸಿತ್ತು. ಜಿಲ್ಲಾಡಳಿತಕ್ಕಿದ್ದ ಎಚ್ಚರ ಐಟಿಯವರಿಗೆ ಇರಲಿಲ್ಲ.

ಮೇ ತಿಂಗಳಲ್ಲಿ ಸರ್ಕಾರ ಕೋರ್ಟಿಗೆ ಬೇರೆಯೇ ಮಾತು ಹೇಳಿತು: ದತ್ತಾಂಶ ಈಗ ರಾಜ್ಯದ್ದೇ ಆದ ಸಿ-ಡಿಟ್ ಸಂಸ್ಥೆಯ ಹಿಡಿತದಲ್ಲಿದೆ, ಸ್ಪ್ರಿಂಕ್ಲರ್ ಸಿಬ್ಬಂದಿಗೆ ಅದು ಸಿಗದು. ಗಮನಿಸಿ, ಆಗಲೂ ಮಾಹಿತಿ ಇದ್ದದ್ದು ಅಮೆಜಾನಿನ ಕ್ಲೌಡಿನಲ್ಲೇ. ಬದಲಾದದ್ದು ಬೀಗದ ಕೈ ಹಿಡಿದವರು. ಮೊದಲ ದಿನವೇ ಹೀಗೆ ಮಾಡಿದ್ದರೆ ವಿವಾದಕ್ಕೆ ಅರ್ಧ ಬಲವೂ ಇರುತ್ತಿರಲಿಲ್ಲ.

ಇಷ್ಟು ಹೇಳುವಾಗ ಕನ್ನಡಿಗರು ಬೀಗುವಂತಿಲ್ಲ. ಕರ್ನಾಟಕ ಸರ್ಕಾರ ಆಗ ಯಾವ ಕ್ಲೌಡಿನ ಹಂಗೂ ಇಲ್ಲದೆ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನೇ ಹೊರಹಾಕಿತ್ತು. ಆಮೇಲೆ ಹಗಲೆಲ್ಲ ಗಂಟೆಗೊಂದು ಸೆಲ್ಫಿ ಕಳಿಸಿ ಎಂದಿತು. ಕರ್ನಾಟಕ ತಲಪಾಡಿಯ ಗಡಿ ಮುಚ್ಚಿದ್ದರಿಂದ ಮಂಗಳೂರಿನ ಆಸ್ಪತ್ರೆಗಳು ಕೈತಪ್ಪಿದ, ಕೇರಳದ ಕಾಸರಗೋಡಿನ ಕನ್ನಡಿಗರು ಎರಡೂ ಸರ್ಕಾರಗಳ ರೀತಿಯನ್ನು ಹತ್ತಿರದಿಂದ ಕಂಡರು.

ಇನ್ನೊಂದು ಪ್ರಶ್ನೆ ಗದ್ದಲದಲ್ಲಿ ಮುಳುಗಿಯೇ ಹೋಯಿತು. ಸ್ಪ್ರಿಂಕ್ಲರಿನ ಈ ಬಿಗ್ ಡೇಟಾ ವಿಶ್ಲೇಷಣೆಯಿಂದ ಯಾವ ಆಸ್ಪತ್ರೆಯ, ಯಾವ ವಾರ್ಡಿನ ಯಾವ ನಿರ್ಧಾರ ಬದಲಾಯಿತು? ಪುಕ್ಕಟೆ ಸೇವೆಯನ್ನೂ ಈ ಲೆಕ್ಕ ಕೇಳದೆ ಒಪ್ಪಬಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಾಂಕ್ರಾಮಿಕದ ಹೊತ್ತಿನ ಚಿಕಿತ್ಸೆ, ಆರೋಗ್ಯ ಸೇವೆಗಳಿಗೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಅಂದರೆ ಹೈಕೋರ್ಟು ಅಂದು ಬೇಕೇ ಬೇಕೆಂದ ಒಪ್ಪಿಗೆಯನ್ನು ಮುಂದಿನ ಸೋಂಕಿನ ಕಾಲಕ್ಕೆ ಸರ್ಕಾರ ಕೇಳಲೇಬೇಕೆಂದಿಲ್ಲ.